ಛಾಪಾ ಕಾಗದವೂ ನ್ಯಾಯಾಲಯದ ಡಿಕ್ರಿಯೂ
(ಬಾನುಲಿ ಭಾಷಣ)

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಉಂಡು ಮಲಗಿದ ಮೇಲೂ ತೀರದ ಜಗಳವನ್ನು ಕುರಿತು ಆ ಗಾದೆ ಏನನ್ನೂ ಹೇಳುವುದಿಲ್ಲ. ಅಂಥ ಜಗಳ ಹಿಂದೆಯೂ ಇತ್ತು. ಅದಕ್ಕೊಂದು ಕೊನೆ ಕಾಣಿಸುವ ಏರ್ಪಾಡೂ ನಮ್ಮ ಹಳ್ಳಿಗಳಲ್ಲಿತ್ತು. ಹಿರಿಯರು ಚಾವಡಿಯಲ್ಲಿ ಕೂಡಿ, ಎರಡು ಕಡೆಯ ಮಾತನ್ನೂ ಕೇಳಿ, ತೆರದ ಹಣವನ್ನೋ ಒಡವೆಯನ್ನೋ ಹಿಂದಕ್ಕೆ ಕೊಡಿಸಿ, ಗಂಡು ಹೆಣ್ಣುಗಳನ್ನು ಬಿಡಿಸುತ್ತಿದ್ದರು. ಹಾಗೆ ಬಿಡುಗಡೆಯಾದ ಹೆಣ್ಣು ಕೂಡಿಕೆಯಾಗಿ ಇನ್ನೊಂದು ಮನೆ ಸೇರುವುದಕ್ಕೂ ಹಲವು ಸಮುದಾಯಗಳಲ್ಲಿ ಅಡ್ಡಿಯಿರಲಿಲ್ಲ. ಶಾಸ್ತ್ರವನ್ನೇ ನೆಚ್ಚಿದ ಮೇಲುಜಾತಿಗಳಲ್ಲಿ ಮಾತ್ರ ಬಿಡುಗಡೆಯೆಂಬುದೇ ಇರಲಿಲ್ಲ. ಅಲ್ಲಿ ಗಂಡ ಬಿಟ್ಟವಳು ತೌರುಮನೆಯ ಒಲೆಯ ಮುಂದೆ ಮುದುಕಿಯಾದಳು. ಈ ವಿಷಯದಲ್ಲಿ ಮುಂದುವರಿದವರು ಯಾರು, ಹಿಂದುಳಿದವರು ಯಾರು ಎಂಬುದು ವಿಚಾರಮಾಡತಕ್ಕ ಸಂಗತಿ.

1970ರ ದಶಕದಲ್ಲಿ ಬೆಂಗಳೂರಿನ ವಾಯವ್ಯಕ್ಕೆ ಪೀಣ್ಯದ ಕೈಗಾರಿಕಾ ಪ್ರದೇಶ ಎದ್ದಿತು. 1978ರಲ್ಲಿ ದಕ್ಷಿಣಕ್ಕೆ, ಕೋನಪ್ಪನ ಅಗ್ರಹಾರ ದೊಡ್ಡತೋಗೂರುಗಳ ಹೊಲಗಳಲ್ಲಿ, ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆ ನೆಲ ಗುರುತಿಸಿತು. ವೈಟ್‌ಫೀಲ್ಡಿನ ತೋಟಗಳಿದ್ದ ಕಡೆ ಗಾಜಿನ ಕಟ್ಟಡಗಳು ಬಂದವು. ತುಮಕೂರು, ಮಂಡ್ಯ, ರಾಯಚೂರು, ಕಲಬುರಗಿಗಳಿಂದ ಎಳೆಯ ದಂಪತಿಗಳು ಬಂದು ಲಗ್ಗೆರೆಯಲ್ಲೋ ಹೆಗ್ಗನಹಳ್ಳಿಯಲ್ಲೋ ಒಂದು ಕೋಣೆಯ ಬಾಡಿಗೆ ಮನೆ ಹಿಡಿದರು. ಚಾವಡಿ ಊರಿನಲ್ಲೇ ಉಳಿಯಿತು; ಅದರ ಕಾಗದ ಮಾತ್ರ ಅವರ ಜೊತೆಯಲ್ಲಿ ಬಂದಿತು.

ಯಾವ ಕಾಗದ? ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಒಬ್ಬ ಹೆಣ್ಣುಮಗಳನ್ನು ಕೇಳುಗರು ಮನಸ್ಸಿಗೆ ತಂದುಕೊಳ್ಳಬೇಕು. ಗಂಡನೊಡನೆ ಹೊಂದಿಕೆಯಾಗಲಿಲ್ಲ. ನಾಲ್ಕು ಜನ ನೆಂಟರು ಸೇರಿದರು. ಟೈಪು ಮಾಡುವವನೊಬ್ಬ ಛಾಪಾ ಕಾಗದದ ಮೇಲೆ, ‘ಇಂದಿನಿಂದ ನಮ್ಮಿಬ್ಬರಿಗೂ ಸಂಬಂಧವಿಲ್ಲ, ಯಾರು ಯಾರನ್ನು ಮದುವೆಯಾದರೂ ತಕರಾರಿಲ್ಲ’ ಎಂದು ಬರೆದುಕೊಟ್ಟ. ಇಬ್ಬರೂ ರುಜು ಹಾಕಿದರು, ಸಾಕ್ಷಿಗಳು ಹಾಕಿದರು, ನೋಟರಿಯ ಕೆಂಪು ಮೊಹರೂ ಬಿತ್ತು. ಆಕೆ ಅದನ್ನು ಟ್ರಂಕಿನ ತಳದಲ್ಲಿ ಸೀರೆಯ ಮಡಿಕೆಯಲ್ಲಿಟ್ಟು, ತನಗೆ ವಿಚ್ಛೇದನವಾಯಿತೆಂದು ನಂಬಿದಳು.

ವಿಚ್ಛೇದನ ಆಗಿಲ್ಲ. ಈ ಒಂದು ಮಾತನ್ನು ಹೇಳುವುದಕ್ಕಾಗಿಯೇ ನಾನು ಈ ಭಾಷಣವನ್ನು ಒಪ್ಪಿಕೊಂಡದ್ದು. ನೋಟರಿ ದೃಢೀಕರಿಸುವುದು ರುಜು ಯಾರದೆಂಬುದನ್ನು. ಮದುವೆಯನ್ನು ಕಡಿಯುವ ಅಧಿಕಾರ ಅವರಿಗಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 29ನೆಯ ಕಲಮು ರೂಢಿಯಿಂದ ಬಂದ ಬಿಡುಗಡೆಯನ್ನು ಉಳಿಸಿಕೊಂಡಿದೆ, ನಿಜ. ಆದರೆ ಆ ರೂಢಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ಎಡೆಬಿಡದೆ ನಡೆದುಬಂದಿದೆ ಎಂಬುದನ್ನು, ಅದನ್ನು ಆಶ್ರಯಿಸುವವರೇ ಸಾಕ್ಷ್ಯದಿಂದ ಸಿದ್ಧಪಡಿಸಬೇಕು. ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಇಂಥದೇ ಒಂದು ಪತ್ರದ ವಿವಾದದಲ್ಲಿ, ರೂಢಿ ಎಂಬುದು ಸಾಮಾನ್ಯ ಕಾನೂನಿಗೆ ಒಂದು ಅಪವಾದ, ಅದನ್ನು ಸ್ಪಷ್ಟವಾಗಿ ವಾದಿಸಿ ರುಜುವಾತುಪಡಿಸಬೇಕು ಎಂದು ಹೇಳಿತು. ಲಗ್ಗೆರೆಯ ಟೈಪು ಅಂಗಡಿಯಲ್ಲಿ ಹುಟ್ಟಿದ ಕಾಗದಕ್ಕೆ ಬಹುಕಾಲದ ರೂಢಿಯನ್ನು ಎಲ್ಲಿಂದ ತರುವುದು?

ಇದರ ಪರಿಣಾಮ ಸಣ್ಣದಲ್ಲ. ಆ ಕಾಗದವನ್ನು ನೆಚ್ಚಿ ಎರಡನೆಯ ಮದುವೆಯಾದರೆ ಅದು ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲ. ಏಳು ವರ್ಷಗಳವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಹುಟ್ಟಿದ ಮಕ್ಕಳನ್ನು ಕಾಯಿದೆ ಧರ್ಮಸಮ್ಮತರೆಂದೇ ಕಾಣುತ್ತದೆ, ಅಷ್ಟು ದಯೆ ಅದಕ್ಕುಂಟು. ತಾಯಿಯ ಪಾಡು ಬೇರೆ. ಗಂಡ ಕಾರ್ಖಾನೆಯ ಅಪಘಾತದಲ್ಲಿ ಸತ್ತು, ಪಿಂಚಣಿಗೆ ಹೆಂಡತಿ ಯಾರು ಎಂದು ಕಚೇರಿಯವರು ಕೇಳಿದ ದಿನ ಆ ಟ್ರಂಕಿನ ಕಾಗದ ಹೊರಬರುತ್ತದೆ.

ಓದಿದವರು ಇದಕ್ಕೆ ಹೊರತಲ್ಲ. ವೈಟ್‌ಫೀಲ್ಡಿನ ಕಂಪನಿಯಿಂದ ಅಮೆರಿಕಕ್ಕೆ ಹೋದ ಗಂಡ ಅಲ್ಲಿಯ ನ್ಯಾಯಾಲಯದಿಂದ ಒಂದು ಡಿಕ್ರಿ ಪಡೆದು ಇಲ್ಲಿರುವ ಹೆಂಡತಿಗೆ ಕಳುಹಿಸುತ್ತಾನೆ. ಯಾವ ಕಾನೂನಿನ ಪ್ರಕಾರ ಮದುವೆಯಾಯಿತೋ ಆ ಕಾನೂನು ಒಪ್ಪುವ ಕಾರಣವಿರಬೇಕು, ಎದುರು ಪಕ್ಷ ಮನಸಾರೆ ಆ ನ್ಯಾಯಾಲಯಕ್ಕೆ ಒಳಪಟ್ಟಿರಬೇಕು. ಇಲ್ಲವಾದರೆ ಅಂಥ ಡಿಕ್ರಿಗೆ ಇಲ್ಲಿ ಸಾಮಾನ್ಯವಾಗಿ ಬೆಲೆಯಿಲ್ಲವೆಂದು 1991ರಲ್ಲೇ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದೆ. ಇಂಗ್ಲಿಷಿನಲ್ಲಿದ್ದ ಮಾತ್ರಕ್ಕೆ ಛಾಪಾ ಕಾಗದ ಛಾಪಾ ಕಾಗದವಲ್ಲದೆ ಹೋಗುವುದಿಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು? ಮೊದಲ ತೊಡಕು, ಎಲ್ಲಿಗೆ ಹೋಗಬೇಕೆಂಬುದು. ಮದುವೆ ಶಿರಾದಲ್ಲಿ, ಸಂಸಾರ ಪೀಣ್ಯದಲ್ಲಿ, ಹೆಂಡತಿ ಈಗ ಮಧುಗಿರಿಯ ತೌರಿನಲ್ಲಿ. ಇಂಥ ಸಂಸಾರಗಳೇ ಹೆಚ್ಚು. ಮದುವೆ ನಡೆದ ಊರು, ಎದುರು ಪಕ್ಷದವರಿರುವ ಊರು, ಇಬ್ಬರೂ ಕೊನೆಯದಾಗಿ ಒಟ್ಟಿಗಿದ್ದ ಊರು, ಇವುಗಳಲ್ಲಿ ಯಾವ ಊರಿನ ನ್ಯಾಯಾಲಯಕ್ಕಾದರೂ ಅರ್ಜಿ ಸಲ್ಲಿಸಬಹುದು. ಹೆಂಡತಿಯೇ ಅರ್ಜಿದಾರಳಾದರೆ ಆಕೆ ಈಗಿರುವ ಊರೂ ಆಗುತ್ತದೆ. ಈ ಸೌಲಭ್ಯ 2003ರ ತಿದ್ದುಪಡಿಯಿಂದ ಬಂದದ್ದು. ಬೆಂಗಳೂರಿನಲ್ಲಿ ಕೌಟುಂಬಿಕ ನ್ಯಾಯಾಲಯವಿರುವುದು ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ. ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು, ತೀರ ಅಸಾಧಾರಣ ಕಷ್ಟವಿದ್ದ ಹೊರತು, ಅರ್ಜಿಯನ್ನು ಸ್ವೀಕರಿಸುವುದಿಲ್ಲ.

ಇಬ್ಬರೂ ಒಪ್ಪಿದ್ದರೆ ದಾರಿ ಸುಗಮ. ಟೈಪು ಅಂಗಡಿಗೆ ಹೋಗುವ ದಂಪತಿಗಳಲ್ಲಿ ಬಹುಮಂದಿ ಒಪ್ಪಿದವರೇ ಅಲ್ಲವೆ? ಅದೇ ಒಪ್ಪಿಗೆಯನ್ನು ನ್ಯಾಯಾಧೀಶರ ಮುಂದೆ ಹೇಳುವ ಅವಕಾಶವನ್ನು 1976ರ ತಿದ್ದುಪಡಿ ಕೊಟ್ಟಿತು. ಒಂದು ವರ್ಷವಾದರೂ ಬೇರೆಯಾಗಿ ಬಾಳಿರಬೇಕು. ಬೇರೆ ಎಂದರೆ ಬೇರೆ ಸೂರು ಎಂದೇ ಅರ್ಥವಲ್ಲ. ಗಂಡ ಹೆಂಡತಿಯರಾಗಿ ಬಾಳದಿರುವುದು ಎಂದು 1991ರ ಇನ್ನೊಂದು ತೀರ್ಪು ಹೇಳಿದೆ. ಎರಡನೆಯ ಬಾಡಿಗೆ ಕೊಡಲಾರದೆ, ಒಬ್ಬರು ಹಗಲು ಪಾಳಿ ಒಬ್ಬರು ರಾತ್ರಿ ಪಾಳಿ ಮಾಡುತ್ತ ಒಂದೇ ಕೋಣೆಯಲ್ಲಿ ಅಪರಿಚಿತರಂತೆ ದಿನ ನೂಕಿದವರಿಗೆ ಈ ಮಾತಿನ ಬೆಲೆ ಗೊತ್ತು. ಅರ್ಜಿ ಕೊಟ್ಟಮೇಲೆ ಆರು ತಿಂಗಳು ಕಾಯಬೇಕು, ಮನಸ್ಸು ತಿರುಗೀತೆಂಬ ಆಸೆಯಿಂದ. ಮಧ್ಯಸ್ಥಿಕೆ ವಿಫಲವಾಗಿ, ಜೀವನಾಂಶ ಮತ್ತು ಮಕ್ಕಳ ವಿಷಯ ತೀರ್ಮಾನವಾಗಿ, ಬೇರೆಯಾಗಿ ಸಾಕಷ್ಟು ಕಾಲ ಕಳೆದಿದ್ದರೆ ಈ ಅವಧಿಯನ್ನು ನ್ಯಾಯಾಲಯ ಬಿಟ್ಟುಕೊಡಬಹುದೆಂದು 2017ರಲ್ಲಿ ತೀರ್ಮಾನವಾಯಿತು. ಡಿಕ್ರಿಯಾಗುವವರೆಗೂ ಒಪ್ಪಿಗೆ ಉಳಿದಿರಬೇಕು. ನಡುವೆ ಒಬ್ಬರು ಹಿಂದೆಗೆದರೆ ಅರ್ಜಿ ನಿಲ್ಲುತ್ತದೆ.

ಒಪ್ಪಿಗೆಯಿಲ್ಲದಿದ್ದರೆ ಕಾರಣ ಬೇಕು: ಕ್ರೌರ್ಯ, ಎರಡು ವರ್ಷ ತೊರೆದಿರುವುದು, ವ್ಯಭಿಚಾರ ಮೊದಲಾದವು. ಪರಸ್ಪರ ಹೊಂದಿಕೆಯಿಲ್ಲ ಎಂಬುದಷ್ಟೇ ಜಿಲ್ಲಾ ಹಂತದಲ್ಲಿ ಕಾರಣವಾಗದು. ದಾಂಪತ್ಯ ಸರಿಪಡಿಸಲಾರದಂತೆ ಮುರಿದಿದೆ ಎಂಬ ಆಧಾರದ ಮೇಲೆ ಬಿಡುಗಡೆ ನೀಡುವ ವಿಶೇಷಾಧಿಕಾರ ತನಗುಂಟೆಂದು 2023ರಲ್ಲಿ ಹೇಳಿದ್ದು ಸರ್ವೋಚ್ಚ ನ್ಯಾಯಾಲಯ; ಅಧಿಕಾರ ಅದೊಂದಕ್ಕೇ. ಪೀಣ್ಯದ ದಂಪತಿಗಳಿಗೆ ದೆಹಲಿ ದೂರ.

ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಲಗ್ನಪತ್ರಿಕೆ, ಮದುವೆಯ ಭಾವಚಿತ್ರ, ನೋಂದಣಿಯಾಗಿದ್ದರೆ ಅದರ ಪತ್ರ, ವಿಳಾಸದ ದಾಖಲೆ ಜೊತೆಗಿರಬೇಕು. ಎದುರು ಪಕ್ಷಕ್ಕೆ ನೋಟೀಸು ಹೋಗುತ್ತದೆ. ತಲಪಿಯೂ ಬಾರದಿದ್ದರೆ ಏಕಪಕ್ಷೀಯವಾಗಿ ವಿಚಾರಣೆ ನಡೆಯಬಹುದು. ಬಂದರೆ ಮೊದಲು ರಾಜಿಯ ಪ್ರಯತ್ನ. ಕೌಟುಂಬಿಕ ನ್ಯಾಯಾಲಯಕ್ಕೆ ಅದು ಕರ್ತವ್ಯವೆಂದೇ 1984ರ ಕಾಯಿದೆ ವಿಧಿಸಿದೆ. ಆಮೇಲೆ ಆಕ್ಷೇಪಣೆ, ಸಾಕ್ಷ್ಯ, ಪಾಟೀಸವಾಲು. ಇಬ್ಬರಲ್ಲಿ ಒಬ್ಬರು ಬಯಸಿದರೂ ಮುಚ್ಚಿದ ಬಾಗಿಲಿನೊಳಗೆ ವಿಚಾರಣೆ ನಡೆಯಬೇಕು. ‘ನಾಲ್ಕು ಜನರ ಮುಂದೆ ಹೇಗೆ ಹೇಳಲಿ’ ಎಂದು ಹಿಂಜರಿಯುವ ಹೆಣ್ಣುಮಕ್ಕಳು ಇದನ್ನು ತಿಳಿದಿರಬೇಕು. ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯಿದೆಯ ಆಸೆ. ವಾಯಿದೆಯ ಮೇಲೆ ವಾಯಿದೆ ಬೀಳುವುದು ಅನುಭವ. ಕಾರ್ಮಿಕರಿಗೆ ಒಂದೊಂದು ವಾಯಿದೆಯೂ ಒಂದು ದಿನದ ಸಂಬಳ.

ಆದ್ದರಿಂದ ಹಣದ ಮಾತನ್ನೂ ಆಡಿಬಿಡಬೇಕು. ವ್ಯಾಜ್ಯ ನಡೆಯುತ್ತಿರುವಾಗಲೇ, ಸ್ವಂತ ಆದಾಯ ಸಾಲದವರು ಮಧ್ಯಂತರ ಜೀವನಾಂಶವನ್ನೂ ವ್ಯಾಜ್ಯದ ಖರ್ಚನ್ನೂ ಕೇಳಬಹುದು. 2020ರ ತೀರ್ಪೊಂದರಂತೆ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದಲ್ಲಿ ತೋರಿಸಬೇಕು. ಜೀವನಾಂಶ ಅರ್ಜಿ ಕೊಟ್ಟ ದಿನದಿಂದಲೇ ಸಲ್ಲಬೇಕು. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ 1987ರ ಕಾನೂನು ಸೇವೆಗಳ ಕಾಯಿದೆ ಇದೆ. ಅದರ 12ನೆಯ ಕಲಮನ್ನು ನಾನು ಎಷ್ಟು ಸಾರಿ ಓದಿದರೂ ಸಂತೋಷಪಡುತ್ತೇನೆ. ಹೆಣ್ಣಾದವಳಿಗೆ, ಅವಳ ಆದಾಯವೆಷ್ಟೆಂದು ಕೇಳದೆ, ಉಚಿತ ನೆರವು ಸಲ್ಲಬೇಕೆಂದು ಅದು ಹೇಳುತ್ತದೆ. ಅದೇ ಪಟ್ಟಿಯಲ್ಲಿ ‘ಕೈಗಾರಿಕಾ ಕಾರ್ಮಿಕ’ ಎಂಬ ಹೆಸರೂ ಇದೆ. ಎಂದರೆ ನಾವು ಮನಸ್ಸಿಗೆ ತಂದುಕೊಂಡ ಆ ಹೊಲಿಗೆಯವಳಿಗೂ ಲೇತಿನ ಮುಂದೆ ನಿಲ್ಲುವ ಅವಳ ಗಂಡನಿಗೂ, ಇಬ್ಬರಿಗೂ ಸರ್ಕಾರದ ಖರ್ಚಿನಲ್ಲಿ ವಕೀಲರು ದೊರೆಯಬಹುದು. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಇರುವುದೂ ಆ ನ್ಯಾಯದೇಗುಲದಲ್ಲೇ. ತಾಲ್ಲೂಕುಗಳಲ್ಲಿ ಅದರ ಸಮಿತಿಗಳುಂಟು. ಪೀಣ್ಯದ ಎಷ್ಟು ಕಾರ್ಖಾನೆಗಳ ಸೂಚನಾಫಲಕದ ಮೇಲೆ ಈ ಒಂದು ಸಾಲನ್ನು ಬರೆದಿದ್ದಾರೆ?

ಇಲ್ಲಿಯವರೆಗೆ ಹೇಳಿದ್ದರಲ್ಲಿ ವಿಚ್ಛೇದನದ ಕಾರಣ, ಅವಧಿಗಳ ಮಾತು ಹಿಂದೂ ಕಾಯಿದೆಗೆ ಸೇರಿದ್ದು. ಮುಸ್ಲಿಂ ಹೆಂಗಸರಿಗೆ 1939ರ ಕಾಯಿದೆ, ನೋಂದಣಿ ಮದುವೆಯವರಿಗೆ 1954ರ ವಿಶೇಷ ವಿವಾಹ ಕಾಯಿದೆ. ಆಂಗ್ಲೋ-ಇಂಡಿಯನ್ನರು 1880ರ ದಶಕದಲ್ಲಿ ಕಟ್ಟಿದ ಊರು ವೈಟ್‌ಫೀಲ್ಡ್. ಅಲ್ಲಿಯ ಕ್ರೈಸ್ತ ಕುಟುಂಬಗಳಿಗೆ ಅನ್ವಯವಾಗುವುದು 1869ರ ಕಾಯಿದೆ. ಅದರಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಾಗಿತ್ತು; ಹೆಂಡತಿಯಾದವಳು ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದುದನ್ನೋ ರುಜುವಾತುಪಡಿಸಬೇಕಾಗಿತ್ತು. ಈ ಭೇದ ಅಳಿದದ್ದು 2001ರಲ್ಲಿ.

ಕೊನೆಗೆ ಒಂದು ವ್ಯಾವಹಾರಿಕ ಮಾತು. ನ್ಯಾಯಾಧೀಶರು ತೀರ್ಪು ಓದಿದ ದಿನವೇ ಮರುಮದುವೆಗೆ ಲಗ್ನ ನೋಡಿಸಬಾರದು. ಮೇಲ್ಮನವಿಯ ಅವಧಿ ಕಳೆಯಬೇಕು. ಡಿಕ್ರಿಯ ಪ್ರಮಾಣಿತ ನಕಲಿಗೆ ಅರ್ಜಿ ಹಾಕಿ, ಒಂದಲ್ಲ, ಎರಡು ಪ್ರತಿ ತೆಗೆದುಕೊಳ್ಳಿ. ಒಂದನ್ನು ಭವಿಷ್ಯನಿಧಿಯ ಕಾಗದಗಳ ಜೊತೆಯಲ್ಲಿಡಿ. ಇನ್ನೊಂದು ಟ್ರಂಕಿನಲ್ಲಿರಲಿ.