ಒತ್ತಕ್ಷರಕ್ಕೆ ಜಾಗ ಬಿಡಿ



ಮಾಧ್ಯಮ ವಿನ್ಯಾಸದಲ್ಲಿ ಪಠ್ಯ ಮತ್ತು ಅಕ್ಷರರೂಪ ಎಂಬ ವಿಷಯದ ಮೇಲೆ ಎರಡು ದಿನ ಮಾತಾಡಲು ನಾವು ಸೇರಿದ್ದೇವೆ. ಎಲ್ಲವನ್ನೂ ಮುಟ್ಟಿ ಯಾವುದನ್ನೂ ಹಿಡಿಯದ ಭಾಷಣಕ್ಕೇ ಆಶಯ ಭಾಷಣ ಎನ್ನುತ್ತಾರೆ ಎಂಬ ಕುಹಕವೊಂದಿದೆ. ಅದಕ್ಕೆ ಗುರಿಯಾಗಬಾರದೆಂದು ಒಂದೇ ಮಾತನ್ನು ಹಿಡಿದು ಹೊರಡುತ್ತೇನೆ. ನಮ್ಮಲ್ಲಿ ಪುಟ, ಪರದೆ, ಫಲಕ ಎಲ್ಲವೂ ಮೊದಲು ಇಂಗ್ಲಿಷಿನ ಅಳತೆಗೆ ತಯಾರಾಗುತ್ತವೆ. ಕನ್ನಡ ಕಡೆಯಲ್ಲಿ ಬಂದು ಉಳಿದ ಜಾಗದಲ್ಲಿ ಮೈ ಮುದುಡಿಕೊಂಡು ಕೂರುತ್ತದೆ. ಕನ್ನಡ ವಿನ್ಯಾಸ ಚೆನ್ನಾಗಿಲ್ಲ ಎಂದು ನಾವು ಗೊಣಗುವಾಗ ಬೈಯಬೇಕಾದ್ದು ಬಹುಪಾಲು ಈ ಕ್ರಮವನ್ನೇ.

ಎಲ್ಲರೂ ನೋಡಿರುವ ಉದಾಹರಣೆಯಿಂದ ಶುರು ಮಾಡೋಣ. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿಯಾಗಿ, ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು, ಅದೂ ಫಲಕದ ಮೇಲ್ಭಾಗದಲ್ಲಿ ಇರಬೇಕು ಎಂದಾಯಿತು. ಬೆಂಗಳೂರಿನಲ್ಲಿ ಫಲಕ ಬದಲಾಯಿಸುವ ಭರಾಟೆ ನಡೆಯಿತು. ಈಗ ಯಾವುದಾದರೂ ದೊಡ್ಡ ವಾಣಿಜ್ಯ ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ಕೆಳಗೆ ಇಂಗ್ಲಿಷ್ ಹೆಸರು, ಯಾರೋ ಸಂಬಳ ಪಡೆದು ತಿಂಗಳುಗಟ್ಟಲೆ ತಿದ್ದಿ ಬರೆದ ಅಕ್ಷರಗಳಲ್ಲಿ ಇರುತ್ತದೆ. ಮೇಲೆ ಅದೇ ಹೆಸರು ಕನ್ನಡದಲ್ಲಿ, ಕಂಪ್ಯೂಟರಿನಲ್ಲಿ ಮೊದಲು ಕೈಗೆ ಸಿಕ್ಕ ಫಾಂಟಿನಲ್ಲಿ, ಜಾಗ ತುಂಬಲೆಂದು ಎಡಬಲಕ್ಕೆ ಜಗ್ಗಿಸಿಕೊಂಡಿರುತ್ತದೆ. ಹಾಗೆ ಅಡ್ಡಕ್ಕೆ ಎಳೆದಾಗ ನಿಂತ ಗೆರೆಗಳು ದಪ್ಪವಾಗುತ್ತವೆ, ಮಲಗಿದ ಗೆರೆಗಳು ಇದ್ದಷ್ಟೇ ಉಳಿಯುತ್ತವೆ, ದುಂಡಗಿದ್ದ ಅಕ್ಷರ ಚಪ್ಪಟೆಯಾಗುತ್ತದೆ. ಅಳತೆಪಟ್ಟಿ ಹಿಡಿದರೆ ಪಾಸು. ಬಸ್ಸಿನ ಕಿಟಕಿಯಿಂದ ಓದಲು ಹೋದರೆ ಫೇಲು. ಕಾನೂನು ಜಾಗ ಕೊಡಿಸಿತು, ಅದರ ಕೈಲಾಗುವುದು ಅಷ್ಟೇ. ಆ ಜಾಗದಲ್ಲಿ ಏನು ಮಾಡಬೇಕೆಂಬುದು ಈ ಸಭಾಂಗಣದಲ್ಲಿ ಕುಳಿತವರ ತಲೆನೋವು.

ಇನ್ನು ಅಕ್ಷರದ ಮೈಕಟ್ಟಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಎಲ್ಲ ತೊಡಕೂ ಇಲ್ಲೇ ಇದೆ.

‘ರಾಷ್ಟ್ರೀಯ’ ಎಂಬ ಪದವನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಷಕಾರದ ತಲೆಯ ಮೇಲೆ ಗುಡಿಸು, ಕೆಳಗೆ ಟಕಾರದ ಒತ್ತು, ಅದಕ್ಕೆ ಅಂಟಿಕೊಂಡು ರಕಾರದ ಒತ್ತು, ಪಕ್ಕದಲ್ಲಿ ದೀರ್ಘ. ನಾಲ್ಕು ದಿಕ್ಕಿನಲ್ಲಿ ನಾಲ್ಕು ಸಂಗತಿಗಳು, ಓದುವ ಕಣ್ಣಿಗೆ ಒಂದೇ ಅಕ್ಷರ. ಇದರ ಕೆಳಗಿನ ಸಾಲಿನಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ‘ಕೀರ್ತಿ’ ಎಂಬ ಪದ ಬಂತೆನ್ನಿ. ಮೇಲಿನ ಒತ್ತು, ಕೆಳಗಿನ ಗುಡಿಸು ಎರಡೂ ಡಿಕ್ಕಿ ಹೊಡೆಯುತ್ತವೆ. ಪುಟ ಕಟ್ಟುವ ತಂತ್ರಾಂಶಗಳು ತಾವಾಗಿ ಕೊಡುವ ಸಾಲಂತರ ಸಾಮಾನ್ಯವಾಗಿ ಅಕ್ಷರದ ಗಾತ್ರದ ಶೇಕಡ 120. ಇಂಗ್ಲಿಷಿಗೆ ಅದು ಸಾಕು. ಕನ್ನಡಕ್ಕೆ, ಫಾಂಟನ್ನು ನೋಡಿಕೊಂಡು, 140 ಅಥವಾ 150 ಬೇಕಾಗಬಹುದು. ಆದರೆ ಪುಟದ ಅಳತೆ ಮೊದಲೇ ನಿಗದಿಯಾಗಿರುತ್ತದೆ, ಜಾಹೀರಾತಿನ ಜಾಗ ಮೊದಲೇ ಮಾರಾಟವಾಗಿರುತ್ತದೆ. ಹಾಗಾಗಿ ಸಾಲಂತರ ಹೆಚ್ಚಿಸುವ ಬದಲು ಅಕ್ಷರವನ್ನು ಕುಗ್ಗಿಸುತ್ತೇವೆ. ಮನೆಯ ಅಜ್ಜ ಪತ್ರಿಕೆಯನ್ನು ಕಣ್ಣಿನಿಂದ ದೂರ ಹಿಡಿದು, ಆಮೇಲೆ ಹತ್ತಿರ ಹಿಡಿದು, ಕೊನೆಗೆ ಶೀರ್ಷಿಕೆ ಮಾತ್ರ ಓದಿ ಮಡಿಸಿಡುತ್ತಾರೆ.

ಪತ್ರಿಕೆಯವರಷ್ಟೇ ಹೀಗೆ ಮಾಡುತ್ತಾರೆ ಎಂದುಕೊಳ್ಳಬೇಡಿ. ಗೂಗಲ್ ಸಂಸ್ಥೆಯ ನೋಟೋ ಸಾನ್ಸ್ ಕನ್ನಡ ಫಾಂಟಿಗೆ ಯುಐ ಎಂಬ ಇನ್ನೊಂದು ರೂಪವೂ ಇತ್ತು. ಅದರಲ್ಲಿ ಅಕ್ಷರದ ಎತ್ತರವನ್ನು ಮೇಲೂ ಕೆಳಗೂ ಬಿಗಿಹಿಡಿದಿದ್ದರು, ಇಂಗ್ಲಿಷಿಗೆ ಅಳೆದು ಮಾಡಿದ ಮೆನು, ಗುಂಡಿಗಳ ಒಳಗೆ ಅದು ಹಿಡಿಸಲೆಂದು. ಗುಂಡಿಯ ಎತ್ತರವನ್ನು ಕೊಂಚ ಏರಿಸಿದ್ದರೆ ಏನಾಗುತ್ತಿತ್ತು ಎಂದು ಕೇಳುವುದು ಸುಲಭ. ಆದರೆ ಜಗತ್ತಿನ ಎಲ್ಲ ಆ್ಯಪ್‌ಗಳ ಗುಂಡಿ ಬದಲಾಯಿಸಲು ಯಾರ ಕೈಯಲ್ಲೂ ಆಗುತ್ತಿರಲಿಲ್ಲ, ಫಾಂಟು ಮಾತ್ರ ಅವರ ಕೈಯಲ್ಲಿತ್ತು. ಇದನ್ನು ದೂರಾಗಿ ಹೇಳುತ್ತಿಲ್ಲ. ಒತ್ತಡ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಸಿಗದು.

ಎರಡನೆಯ ಸೂಕ್ಷ್ಮ, ಶಾಲೆಯಲ್ಲಿ ಮೇಷ್ಟ್ರು ‘ಹೊಟ್ಟೆ ಸೀಳು’ ಎಂದು ಹೇಳಿಕೊಟ್ಟ ಆ ಚಿಕ್ಕ ಗೆರೆ. ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವ ವ್ಯತ್ಯಾಸ ಅಷ್ಟೇ. ಧಕಾರದ ಒಳಗೆ ಒಂದು ಚುಕ್ಕೆ ಬಿದ್ದರೆ ಥಕಾರ. ಒಂದೇ ತೂಕವಿರುವ ಫಾಂಟನ್ನು ಆರಿಸಿ, ದಪ್ಪ ಮಾಡುವ ಗುಂಡಿ ಒತ್ತಿದರೆ ತಂತ್ರಾಂಶ ಅಕ್ಷರದ ಅಂಚನ್ನು ಸುತ್ತಲೂ ಸಮನಾಗಿ ಉಬ್ಬಿಸುತ್ತದೆ. ಹೊರಗೆ ಉಬ್ಬಿದಷ್ಟೂ ಒಳಗಿನ ಬಯಲು ಮುಚ್ಚಿಕೊಳ್ಳುತ್ತದೆ, ಮೊದಲು ಕಾಣೆಯಾಗುವುದು ಆ ಸೀಳೇ. ಫೋಟೋಶಾಪಿನಲ್ಲಿ ಅಕ್ಷರಕ್ಕೆ ಕಪ್ಪು ಅಂಚು ಕಟ್ಟುವಾಗಲೂ ಅಷ್ಟೆ. ಅಂಚನ್ನು ಅಕ್ಷರದ ಹೊರಕ್ಕೆ ಇಡದೆ ನಡುವೆ ಇಟ್ಟರೆ ಅರ್ಧ ಕಪ್ಪು ಒಳಗೇ ಹರಿಯುತ್ತದೆ. ರೈತರಿಗೆ ಸರ್ಕಾರದ ಧನಸಹಾಯ ಎಂಬ ಸುದ್ದಿ ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ ದನಸಹಾಯವಾಗಿ ಕಾಣುವುದಕ್ಕೆ ವರದಿಗಾರ ಕಾಗುಣಿತ ತಪ್ಪಬೇಕಾಗಿಲ್ಲ. ಕೆಂಪು ಪಟ್ಟಿಯ ಮೇಲೆ ಹಳದಿ ಅಕ್ಷರ, ಅದಕ್ಕೆ ಕಪ್ಪು ಅಂಚು, ಅದರ ಬೆನ್ನಿಗೆ ನೆರಳು, ಇಷ್ಟಿದ್ದರೆ ಸಾಕು. ದಪ್ಪ ಅಕ್ಷರ ಬೇಕಿದ್ದರೆ ದಪ್ಪವಾಗಿಯೇ ಬರೆದ ಫಾಂಟನ್ನು ಹುಡುಕಿ. ಬರೆದವರು ಸೀಳಿಗೆ ಎಷ್ಟು ಜಾಗ ಬಿಡಬೇಕೆಂದು ಯೋಚಿಸಿರುತ್ತಾರೆ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಅಂದರೆ ಕನ್ನಡದ ಮೊದಲ ಪತ್ರಿಕೆಯ ಅಕ್ಷರಗಳು ಕೈಬರಹ. ಕೈಬರಹದಲ್ಲಿ ಒತ್ತು ಸಿಕ್ಕಿಕೊಳ್ಳುವ ಪ್ರಶ್ನೆ ಬರುವುದಿಲ್ಲ, ಬರೆಯುವ ಕೈ ಪಕ್ಕಕ್ಕೆ ಸರಿದು ಜಾಗ ಮಾಡಿಕೊಳ್ಳುತ್ತದೆ. ಆಮೇಲೆ ಅಚ್ಚುಮೊಳೆಗಳ ಕಾಲ ಬಂತು. ಮೊಳೆ ಜೋಡಿಸುವವರು ಒತ್ತಕ್ಷರಕ್ಕೆ ಬೇರೆ ಮನೆ, ಗುಡಿಸಿಗೆ ಬೇರೆ ಮನೆ ಎಂದು ತಡಕುತ್ತಾ ಪದ ಕಟ್ಟುತ್ತಿದ್ದರು. ಕೆಲಸ ನಿಧಾನ, ಸೀಸದ ಧೂಳು ಬೇರೆ, ಅದನ್ನು ಹೊಗಳಿ ಹಾಡುವ ಇರಾದೆ ನನಗಿಲ್ಲ. ಆದರೆ ಓದಲು ಬಾರದವರು ಆ ಕೆಲಸ ಮಾಡುವಂತೆಯೇ ಇರಲಿಲ್ಲ ಎಂಬುದನ್ನು ನೆನಪಿಡಿ.

ಕಂಪ್ಯೂಟರ್ ಬಂದ ಮೊದಲ ದಿನಗಳಲ್ಲಿ ಒಂದು ಫಾಂಟಿನಲ್ಲಿ ಹೆಚ್ಚೆಂದರೆ 256 ಮನೆಗಳು. ಅಷ್ಟರಲ್ಲೇ ಕಾಗುಣಿತ, ಒತ್ತು ಎಲ್ಲವನ್ನೂ ತುಂಡು ತುಂಡಾಗಿ ತುಂಬಿಸಿ, ಜೋಡಿಸಿ, ಕನ್ನಡ ಕಾಣುವಂತೆ ಮಾಡಿದರು. ಶ್ರೀಲಿಪಿ, ಬರಹ, ನುಡಿ ಇವುಗಳಿಂದಲೇ ಊರೂರಿನ ಡಿಟಿಪಿ ಅಂಗಡಿಗಳು ಬದುಕಿದವು, ಲಗ್ನಪತ್ರಿಕೆಯಿಂದ ಪಿಎಚ್‌ಡಿ ಪ್ರಬಂಧದವರೆಗೆ ಎಲ್ಲವೂ ಅಚ್ಚಾದವು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಳೆಯ ಕಡತವನ್ನು ಇಮೇಲಿನಲ್ಲಿ ಅಂಟಿಸಿದವರಿಗೆಲ್ಲ ಆ ರಾಶಿಯ ಪರಿಚಯವಿದೆ.

ಯೂನಿಕೋಡ್ ಈ ಗೊಂದಲ ಬಿಡಿಸಿತು. ಅಲ್ಲಿ ‘ಪ್ರ’ ಎಂಬುದು ಮೂರು ಸಂಕೇತಗಳ ಸಾಲು: ಪಕಾರ, ವಿರಾಮ, ರಕಾರ. ಕೆ.ಪಿ. ರಾವ್ ಅವರ ಕೀಲಿಮಣೆ ಬಳಸುವವರು ಪಿ, ಎಫ್, ಆರ್ ಎಂದು ಒತ್ತುವಾಗ ಇದೇ ಕ್ರಮವನ್ನು ಅನುಸರಿಸುತ್ತಾರೆ, ನಡುವಿನ ಎಫ್ ಒತ್ತು ಕೊಡುವ ಕೀಲಿ. ಈ ಮೂರನ್ನು ಕೂಡಿಸಿ ರಕಾರವನ್ನು ಪಕಾರದ ಬುಡಕ್ಕೆ ಇಳಿಸುವ ಹೊಣೆ ಫಾಂಟಿನದು ಮತ್ತು ತಂತ್ರಾಂಶದೊಳಗಿನ ಅಕ್ಷರ ಜೋಡಣೆಯ ಯಂತ್ರದ್ದು. ಆ ಯಂತ್ರ ಚಾಲೂ ಆಗಿಲ್ಲದಿದ್ದರೆ ‘ಪ್ರವೇಶ’ ಹೋಗಿ ‘ಪ್‌ರವೇಶ’ ಆಗುತ್ತದೆ. ಇನ್‌ಡಿಸೈನ್‌ನಂಥ ತಂತ್ರಾಂಶದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಬೇಕಾದ ವರ್ಲ್ಡ್ ರೆಡಿ ಕಂಪೋಸರನ್ನು ನಾವೇ ಆರಿಸಿಕೊಳ್ಳಬೇಕು. ಆರಿಸದೆ ಬಿಟ್ಟ ಫಲವೇ ಒತ್ತು ಮುರಿದ ಜಾಹೀರಾತುಗಳು, ಫ್ಲೆಕ್ಸುಗಳು. ಅವು ಮುದ್ರಣಕ್ಕೆ ಹೋಗುವ ಮುಂಚೆ ಕನ್ನಡ ಓದಬಲ್ಲ ಒಬ್ಬರು ನೋಡಿದ್ದರೂ ನಿಲ್ಲುತ್ತಿದ್ದವು. ಅಚ್ಚುಮೊಳೆಯ ಕಾಲದಲ್ಲಿದ್ದು ಈಗ ಕಳೆದುಹೋಗಿರುವುದು ಆ ಒಬ್ಬರು.

ಇದೇ ಜಾತಿಗೆ ಸೇರಿದ ಇನ್ನೊಂದು ಕಿರುಕುಳವಿದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರದ ಬಳಿಕ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಹಾಕುತ್ತೇವೆ. ಅದು ಬಿದ್ದುಹೋದರೆ ವಕಾರ ಟಕಾರದ ಕೆಳಗಿಳಿದು ‘ಸಾಫ್ಟ್ವೇರ್’ ಆಗಿ ಕೂರುತ್ತದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಪಠ್ಯ ಸಾಗಿಸುವಾಗ ಈ ಸಂಕೇತ ದಾರಿಯಲ್ಲಿ ಉದುರುವುದುಂಟು. ಉಪಸಂಪಾದಕರು ಬೈಸಿಕೊಳ್ಳುತ್ತಾರೆ.

ಒತ್ತಿ ಹೇಳುವುದು ಹೇಗೆ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಇಂಗ್ಲಿಷಿಗೆ ದೊಡ್ಡಕ್ಷರ ಚಿಕ್ಕಕ್ಷರಗಳಿವೆ, ವಾಲಿದ ಅಕ್ಷರದ ಶತಮಾನಗಳ ಪರಂಪರೆಯಿದೆ. ನಮಗೆ ಮೊದಲನೆಯದು ಇಲ್ಲ, ಎರಡನೆಯದರ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ತಂತ್ರಾಂಶ ಬಲವಂತವಾಗಿ ಓರೆ ಮಾಡಿದ ರೂಪ. ಅದು ನನಗೆ ಹಿಡಿಸುವುದಿಲ್ಲ. ತೂಕ, ಬಣ್ಣ, ಸುತ್ತಲಿನ ಖಾಲಿ ಜಾಗ ಈ ಮೂರರಲ್ಲೇ ಬೇಕಾದಷ್ಟು ಕೆಲಸ ಮಾಡಬಹುದು. ಅಕ್ಷರ ಅಕ್ಷರದ ನಡುವೆ ಅಂತರ ಹಿಗ್ಗಿಸಿ ಠೀವಿ ತರುವ ಇಂಗ್ಲಿಷ್ ತಂತ್ರವಂತೂ ಬೇಡವೇ ಬೇಡ. ನಮ್ಮ ಪದಗಳು ಮೊದಲೇ ಉದ್ದ. ‘ಹೇಳಬೇಕಾಗಿದ್ದುದರಿಂದ’ ಎಂಬ ಒಂದೇ ಪದ ಕಿರಿದಾದ ಕಾಲಮ್ಮಿನ ಒಂದು ಸಾಲನ್ನು ನುಂಗಬಲ್ಲದು. ಎರಡೂ ಅಂಚು ಸರಿಗಟ್ಟಬೇಕೆಂದು ಹಟ ಹಿಡಿದರೆ ಮುಂದಿನ ಸಾಲಿನಲ್ಲಿ ಎರಡು ಪದಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ದಾರಿ ಬೀಳುತ್ತದೆ. ಎಡಕ್ಕೆ ಮಾತ್ರ ಸರಿಗಟ್ಟಿ, ಬಲ ಅಂಚು ಏರುಪೇರಾಗಲಿ. ಇಲ್ಲವೇ ಪದವನ್ನು ಒಡೆಯಿರಿ, ಆದರೆ ಪೂರ್ಣ ಅಕ್ಷರ ಮುಗಿದಲ್ಲಿ ಒಡೆಯಿರಿ. ಒತ್ತಿನ ಕೊರಳು ಕೊಯ್ಯಬೇಡಿ.

ಇಷ್ಟು ದೂರು ಹೇಳಿದ ಮೇಲೆ ಒಳ್ಳೆಯ ಸುದ್ದಿಯನ್ನೂ ಹೇಳಬೇಕು. ಹತ್ತು ಹದಿನೈದು ವರ್ಷದ ಹಿಂದೆ ‘ಫಾಂಟುಗಳೇ ಇಲ್ಲ’ ಎನ್ನುವುದು ನ್ಯಾಯವಾದ ನೆಪವಾಗಿತ್ತು. ಈಗ ಎಕ್ ಟೈಪ್ ತಂಡದ ಬಲೂ ತಮ್ಮ ಇದೆ, ಅದೇ ತಂಡದ ಅನೇಕ್ ಕನ್ನಡ ಇದೆ, ಎರಿನ್ ಮೆಕ್ಲಾಕ್ಲಿನ್ ಅವರ ಹುಬ್ಬಳ್ಳಿ ಇದೆ, ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿದ ಅಕಾಯ ಕನಡಕ ಇದೆ. ಎಲ್ಲವೂ ಮುಕ್ತ ಪರವಾನಗಿಯವು, ದುಡ್ಡು ಕೊಡಬೇಕಿಲ್ಲ. 2022ರಲ್ಲಿ ಬಂದ ಅನೇಕ್ ಕುಟುಂಬ ಇಂಗ್ಲಿಷೂ ಸೇರಿ ಹತ್ತು ಲಿಪಿಗಳದ್ದು. ಅದರಲ್ಲಿ ದಪ್ಪವನ್ನೂ ಅಗಲವನ್ನೂ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು, ಜಾಗ ಕಡಿಮೆಯಿದ್ದಾಗ ಅಕ್ಷರವನ್ನು ಹಿಂಡುವ ಬದಲು, ಕಿರಿದಾಗಿಯೇ ಬರೆದ ರೂಪ ಸಿಗುತ್ತದೆ. ನಾಮಫಲಕದವರು ಇದನ್ನೊಂದು ತಿಳಿದುಕೊಂಡಿದ್ದರೂ ಬೀದಿಯ ಮುಖ ಬೇರೆಯಾಗುತ್ತಿತ್ತು.

ಸಿಕ್ಕಿದೆಯೆಂದು ಎಲ್ಲೆಡೆ ಸುರಿಯುವುದು ಬೇರೆ ಕಾಯಿಲೆ. ಬಲೂ ತಮ್ಮ ದುಂಡಗೆ, ದಪ್ಪಗೆ, ನಗುಮೊಗದಲ್ಲಿರುವ ಫಾಂಟು. ಮಕ್ಕಳ ಪತ್ರಿಕೆಗೆ, ಬೇಕರಿಯ ಬೋರ್ಡಿಗೆ ಹೇಳಿ ಮಾಡಿಸಿದಂತಿದೆ. ಅದರಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಬರೆದ ಫ್ಲೆಕ್ಸು ನೋಡಿದಾಗ ಹೋದವರ ಫೋಟೋಕ್ಕೆ ಕೈ ಮುಗಿಯಬೇಕೋ ನಗಬೇಕೋ ತಿಳಿಯುವುದಿಲ್ಲ. ಕೈಯಲ್ಲಿ ಪೋಸ್ಟರ್ ಬರೆಯುತ್ತಿದ್ದ ಸಿನಿಮಾ ಕಲಾವಿದರಿಗೆ ಈ ವಿವೇಚನೆ ಇತ್ತು, ಪೌರಾಣಿಕಕ್ಕೆ ಒಂದು ಬರಹ, ಪತ್ತೇದಾರಿ ಕಥೆಗೆ ಇನ್ನೊಂದು. ಇವತ್ತು ಅಪಾರ ಅವರು ಮಾಡುವ ಪುಸ್ತಕದ ಮುಖಪುಟಗಳನ್ನು ಗಮನಿಸಿ, ಶೀರ್ಷಿಕೆಯ ಅಕ್ಷರವೇ ಅರ್ಧ ಚಿತ್ರದ ಕೆಲಸ ಮಾಡಿರುತ್ತದೆ.

ಬಣ್ಣದ ಬಗ್ಗೆ ಒಂದೇ ಮಾತು. ವೆಬ್ ಪುಟಗಳ ಸುಗಮತೆಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಕೇಳುತ್ತದೆ. ತಿಳಿ ಬೂದು ಅಕ್ಷರ ಸೊಗಸು ಎನ್ನುವವರು ಮೊಬೈಲನ್ನು ಮಧ್ಯಾಹ್ನದ ಬಿಸಿಲಿಗೆ ಒಯ್ದು ಓದಿ ತೋರಿಸಲಿ.

ಈ ವಿಚಾರ ಸಂಕಿರಣದಿಂದ ನನಗೆ ಬೇಕಾಗಿರುವುದು ನಿರ್ಣಯಗಳ ಪಟ್ಟಿ ಅಲ್ಲ. ನಿಮ್ಮ ಪತ್ರಿಕೋದ್ಯಮ, ವಿನ್ಯಾಸ ವಿಭಾಗಗಳಲ್ಲಿ ಪುಟವಿನ್ಯಾಸ ಕಲಿಸುವಾಗ ಅರ್ಥವಿಲ್ಲದ ಲ್ಯಾಟಿನ್ ಸಾಲುಗಳನ್ನು ತುಂಬಿಸಿ ಅಭ್ಯಾಸ ಮಾಡಿಸುತ್ತೀರಿ. ಈ ವರ್ಷದಿಂದ ಅದನ್ನು ಬಿಟ್ಟು ಆ ದಿನದ ಕನ್ನಡ ಸುದ್ದಿಯೊಂದನ್ನು ಕೊಡಿ. ಫಾಂಟು ಆರಿಸುವಾಗ ‘ಕನ್ನಡ’ ಎಂದು ಬರೆದು ನೋಡಿ ಒಪ್ಪಿಕೊಳ್ಳುವ ರೂಢಿಯೂ ನಿಲ್ಲಲಿ. ಆ ಪದದಲ್ಲಿ ಇರುವುದು ಒಂದೇ ಒತ್ತು, ಗುಡಿಸೂ ಇಲ್ಲ ಮಹಾಪ್ರಾಣವೂ ಇಲ್ಲ, ಯಾವ ಫಾಂಟಿನಲ್ಲಿ ಬರೆದರೂ ಚೆನ್ನಾಗಿ ಕಾಣುತ್ತದೆ. ‘ಸ್ವಾತಂತ್ರ್ಯ’, ‘ಕೃತ್ರಿಮ’, ‘ಧೈರ್ಯ’, ‘ಫಲಾಫಲ’, ‘ಸ್ತ್ರೀಶಕ್ತಿ’ ಇಂಥ ಪದಗಳನ್ನು ಒಂದರ ಕೆಳಗೊಂದು ಬರೆದು, ಹತ್ತು ಪಾಯಿಂಟಿನಲ್ಲಿ ಅಚ್ಚು ಹಾಕಿ, ಅರವತ್ತು ದಾಟಿದ ಒಬ್ಬರ ಕೈಗೂ ಮೂರನೇ ತರಗತಿಯ ಒಂದು ಮಗುವಿನ ಕೈಗೂ ಕೊಟ್ಟು ಓದಿಸಿ. ಎಲ್ಲಿ ತಡವರಿಸುತ್ತಾರೆ ಎಂದು ಬರೆದಿಟ್ಟುಕೊಳ್ಳಿ. ಹತ್ತು ಕಾಲೇಜುಗಳು ಒಂದೇ ಪದಪಟ್ಟಿ ಇಟ್ಟುಕೊಂಡು ಹೀಗೆ ಮಾಡಿದರೆ ಮುಂದಿನ ಸಲ ಸೇರುವಾಗ ಅಭಿಪ್ರಾಯಗಳ ಬದಲು ಫಲಿತಾಂಶ ಇಟ್ಟುಕೊಂಡು ಜಗಳವಾಡಬಹುದು. ಪದಪಟ್ಟಿಯ ಕರಡೊಂದನ್ನು ಸಂಘಟಕರ ಕೈಯಲ್ಲಿ ಕೊಟ್ಟಿದ್ದೇನೆ, ಊಟದ ಬಿಡುವಿನಲ್ಲಿ ನೋಡಿ, ಬಿಟ್ಟುಹೋದ ಪದಗಳನ್ನು ಸೇರಿಸಿ.