ನರ್ಸಮ್ಮ ಯಾಕೆ ರೈಲು ಹತ್ತಿದಳು?

(ಅರಸೀಕೆರೆಯಲ್ಲಿ ನಡೆದ ಯುವಜನರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬಂದು ಇಲ್ಲಿ ಇಳಿದಿದ್ದೀರಿ. ನಾಳೆ ಹಳೇಬೀಡು, ಬೇಲೂರು ನೋಡಿಕೊಂಡು ಹೋಗುತ್ತೀರಿ. ನೋಡಲೇಬೇಕು. 2023ರಲ್ಲಿ ಯುನೆಸ್ಕೊ ಆ ಗುಡಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಾವೆಲ್ಲ ಎದೆಯುಬ್ಬಿಸಿಕೊಂಡೆವು. ಆದರೆ ಒಂದು ಮಾತು ಕೇಳುತ್ತೇನೆ. ಒಂಬೈನೂರು ವರ್ಷದ ಕಲ್ಲಿನ ಬಗ್ಗೆ ನಮಗಿರುವ ಕಾಳಜಿ, ಅದೇ ಊರಿನಲ್ಲಿ ರಾತ್ರಿಯೆಲ್ಲ ಎದ್ದಿದ್ದು ಬಾಣಂತಿಯನ್ನು ಕಾಯುವ ನರ್ಸಮ್ಮನ ಬಗ್ಗೆ ಇದೆಯೇ?

ನಮ್ಮಕ್ಕ ನರ್ಸು. ಈ ಸೀಮೆಯ ಹಳ್ಳಿಯಲ್ಲೇ ಹುಟ್ಟಿದವಳು. ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಆರು ವರ್ಷ ಗುತ್ತಿಗೆ ಮೇಲೆ ದುಡಿದಳು. ಯಾವ ಆಸ್ಪತ್ರೆ ಅನ್ನುವುದು ಬೇಡ. ಎಲ್ಲ ಕಡೆಯೂ ಇದೇ ಕತೆ. ಪಕ್ಕದಲ್ಲಿ ನಿಂತ ಕಾಯಂ ಸಿಸ್ಟರದೂ ಇವಳದೂ ಒಂದೇ ಕೆಲಸ. ಅದೇ ಡ್ರಿಪ್ಪು, ಅದೇ ಇಂಜೆಕ್ಷನ್ನು, ಅದೇ ಹೆರಿಗೆ ವಾರ್ಡು. ಸಂಬಳ ಮಾತ್ರ ಅರ್ಧಕ್ಕಿಂತ ಕಡಿಮೆ. ಮಾರ್ಚ್ ಬಂತೆಂದರೆ ಒಪ್ಪಂದ ಮುಂದುವರಿಯುತ್ತದೋ ಇಲ್ಲವೋ ಎಂಬ ಚಿಂತೆ. ಕೊನೆಗೊಂದು ದಿನ ಇದೇ ಜಂಕ್ಷನ್ನಿನಲ್ಲಿ ರೈಲು ಹತ್ತಿದಳು. ಈಗ ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿದ್ದುಕೊಂಡು ಜರ್ಮನ್ ಭಾಷೆ ಕಲಿಯುತ್ತಿದ್ದಾಳೆ. ಮುಂದಿನ ಪಯಣ ಎಲ್ಲಿಗೆಂದು ನಾನು ಹೇಳಬೇಕಿಲ್ಲ.

ಅವಳಿಗೆ ಊರಿನ ಮೇಲೆ ಪ್ರೀತಿ ಕಡಿಮೆಯಾಯಿತೇ? ಇಲ್ಲ ಸ್ವಾಮಿ. ವ್ಯವಸ್ಥೆಯೇ ಅವಳನ್ನು ಹೊರಗೆ ದಬ್ಬಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು. ಹಳ್ಳಿಗಳಿಗೆ ನರ್ಸುಗಳು ಬಂದರು, ಆದರೆ ಗುತ್ತಿಗೆಯ ಮೇಲೆ. ಮರುವರ್ಷವೇ, 2006ರ ಏಪ್ರಿಲ್‌ನಲ್ಲಿ, ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಾತ್ಕಾಲಿಕ ನೌಕರರು ಕಾಯಮಾತಿಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದಿತು. 2016ರಲ್ಲಿ ಅದೇ ನ್ಯಾಯಾಲಯ, ಸಮಾನ ಕೆಲಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಸಲ್ಲಬೇಕು ಎಂದಿತು. ಮೊದಲ ತೀರ್ಪನ್ನು ಸರ್ಕಾರಗಳು ಬಾಯಿಪಾಠ ಮಾಡಿಕೊಂಡವು. ಎರಡನೆಯದನ್ನು ಮರೆತವು. 2023ರ ಫೆಬ್ರುವರಿಯಲ್ಲಿ ರಾಜ್ಯದ ಗುತ್ತಿಗೆ ಆರೋಗ್ಯ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತದ್ದು ಇದಕ್ಕೇ. ಅಂದು ನಮ್ಮಲ್ಲಿ ಎಷ್ಟು ಮಂದಿ ಅತ್ತ ಸುಳಿದೆವು?

ಹಾಗಾದರೆ ಉಳಿದವರು ಯಾಕೆ ಉಳಿದರು? ಅಕ್ಕನ ವಾರ್ಡಿನಲ್ಲಿದ್ದ ಹಿರಿಯ ಸಿಸ್ಟರನ್ನು ಕೇಳಿದ್ದೆ. ಅವರು ಬೆರಳು ಮಡಿಸಿ ಎಣಿಸಿದರು. ಕೆಲಸ ಕಾಯಂ. 2006ರ ಏಪ್ರಿಲ್‌ಗೆ ಮುಂಚೆ ಸೇರಿದ್ದರಿಂದ ಹಳೇ ಪಿಂಚಣಿ. ಆಸ್ಪತ್ರೆ ಹಿಂದೆಯೇ ಕ್ವಾರ್ಟರ್ಸು. ಗಂಡನಿಗೆ ಅದೇ ಊರಲ್ಲಿ ಕೆಲಸ. ಕೊನೆಯ ಬೆರಳು ಮಡಿಸುವಾಗ ನಕ್ಕರು: "ನಾನು ಹೆರಿಗೆ ಮಾಡಿಸಿದ ಹುಡುಗಿ ತನ್ನ ಹೆರಿಗೆಗೂ ನನ್ನನ್ನೇ ಹುಡುಕಿಕೊಂಡು ಬಂದಳು ಕಣಪ್ಪ. ಇದನ್ನ ಬಿಟ್ಟು ಎಲ್ಲಿಗೆ ಹೋಗಲಿ?"

ಕೇಳಿದಿರಾ? ಮನುಷ್ಯರನ್ನು ಊರಿನಲ್ಲಿ ನಿಲ್ಲಿಸುವುದು ಬರೀ ತ್ಯಾಗವಲ್ಲ. ಮನೆ, ಭದ್ರತೆ, ಮರ್ಯಾದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ, ಮತ್ತೆ 2021ರಲ್ಲಿ, ಇದನ್ನೇ ಹೇಳಿದೆ: ಹಳ್ಳಿಯ ಮಕ್ಕಳನ್ನೇ ಆರಿಸಿ ಓದಿಸಿ, ಇರಲು ಒಳ್ಳೆಯ ಮನೆ ಕೊಡಿ, ಕೆಲಸದ ಜಾಗ ಸುರಕ್ಷಿತವಾಗಿರಲಿ. ಸುರಕ್ಷತೆಗೆ ನಮ್ಮಲ್ಲಿ 2009ರ ಕಾಯ್ದೆಯೇ ಇದೆ. ನರ್ಸಿನ ಮೇಲೆ ಕೈ ಮಾಡಿದರೆ ಜೈಲು. ಆದರೆ ನಡುರಾತ್ರಿ ಕುಡಿದು ಬಂದವನು ಕೂಗಾಡುವಾಗ ಕಾಯ್ದೆ ಪುಸ್ತಕ ಅಡ್ಡ ಬರುವುದಿಲ್ಲ. ಅಲ್ಲೊಬ್ಬ ಕಾವಲುಗಾರ ಬೇಕು.

ಇದರಲ್ಲಿ ಕನ್ನಡದ ಮಾತೇನು ಎನ್ನುತ್ತೀರಾ? ಇದೆ. "ಎದೆ ಝುಂ ಅಂತದೆ", "ಹೊಟ್ಟೆ ತೊಳಸ್ತದೆ", "ಕಣ್ಣಿಗೆ ಕತ್ತಲೆ ಕವೀತದೆ" — ನಮ್ಮ ಅಜ್ಜಿ ಹೀಗೆ ಹೇಳಿದಾಗ ಅರ್ಥ ಮಾಡಿಕೊಂಡು ಡಾಕ್ಟರಿಗೆ ತಿಳಿಸುವವಳು ನರ್ಸು. ಆ ಮಾತು ತಪ್ಪಿದರೆ ಔಷಧಿಯೂ ತಪ್ಪಬಹುದು. ಊರಿನ ನರ್ಸಮ್ಮ ಹೋದಳೆಂದರೆ ಆಸ್ಪತ್ರೆಯಿಂದ ಕನ್ನಡದ ಕಿವಿಯೊಂದು ಹೋಯಿತು ಎಂದೇ ಅರ್ಥ.

ಆದರೆ ಎಚ್ಚರ! ಇದನ್ನು ಹಿಡಿದು ಕೇರಳದ ಸಿಸ್ಟರುಗಳ ಮೇಲೆ ಹರಿಹಾಯಬೇಡಿ. 2021ರಲ್ಲಿ ದಿಲ್ಲಿಯ ಸರ್ಕಾರಿ ಆಸ್ಪತ್ರೆಯೊಂದು, ನರ್ಸುಗಳು ಮಲಯಾಳಂ ಮಾತಾಡಕೂಡದೆಂದು ಸುತ್ತೋಲೆ ಹೊರಡಿಸಿ, ಛೀಮಾರಿ ಹಾಕಿಸಿಕೊಂಡು ಹಿಂದಕ್ಕೆ ಪಡೆಯಿತು. ಆ ದಾರಿ ನಮಗೆ ಬೇಡ. ನಮ್ಮ ಊರುಗಳಲ್ಲಿ ಕನ್ನಡ ಕಲಿತು ರೋಗಿಗಳನ್ನು ನೋಡಿಕೊಂಡ ಮಲಯಾಳಿ ತಾಯಂದಿರು ಎಷ್ಟಿಲ್ಲ! ಹೊರಗಿನಿಂದ ಬಂದವರಿಗೆ ಕನ್ನಡ ಕಲಿಸೋಣ. ಇಲ್ಲಿ ಹುಟ್ಟಿದವರು ಇಲ್ಲೇ ನಿಲ್ಲುವಂತೆ ಮಾಡೋಣ. ಎರಡೂ ಕನ್ನಡದ ಕೆಲಸವೇ.

ಚಪ್ಪಾಳೆ ಬೇಡ, ಒಂದು ಕೆಲಸ ಮಾಡಿ. ನಾಳೆ ಗುಡಿ ನೋಡಿದ ಮೇಲೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಒಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಈ ತಾಲ್ಲೂಕಿನಲ್ಲಿ ಮಂಜೂರಾದ ನರ್ಸ್ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಅದರಲ್ಲಿ ಗುತ್ತಿಗೆಯವರೆಷ್ಟು, ವಾಸಕ್ಕೆ ಯೋಗ್ಯವಾದ ಕ್ವಾರ್ಟರ್ಸ್ ಎಷ್ಟು? ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಆ ಕಾಗದ ಹಿಡಿದುಕೊಂಡು ಶಾಸಕರ ಮನೆ ಬಾಗಿಲಿಗೆ ಹೋಗೋಣ.

ಬೋರ್ಡಿನ ಮೇಲೆ ಕನ್ನಡ ಬರೆಸಿದ್ದೇವೆ. ಬಹಳ ಒಳ್ಳೆಯದು. ಇನ್ನು ಆ ಬೋರ್ಡಿನ ಒಳಗೆ, ಹಾಸಿಗೆಯ ಪಕ್ಕದಲ್ಲಿ, "ಏನಾಗ್ತಿದೆ ಅವ್ವ?" ಎಂದು ಕೇಳುವ ಜೀವವನ್ನು ಉಳಿಸಿಕೊಳ್ಳೋಣ.