ಚಾಲಕನಿಲ್ಲದ ಟ್ರ್ಯಾಕ್ಟರ್
ಸಂತೆಯಿಂದ ಮರಳುವಾಗ ಯಜಮಾನ ಗಾಡಿಯಲ್ಲೇ ನಿದ್ದೆಹೋದರೂ ಎತ್ತುಗಳು ಮನೆ ಮುಟ್ಟಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಚಾಲಕನಿಲ್ಲದ ವಾಹನ ನಮಗೆ ತೀರ ಹೊಸದಲ್ಲ!

ಅಮೆರಿಕದ ಜಾನ್ ಡಿಯರ್ ಸಂಸ್ಥೆಯು 2022ರ ಜನವರಿಯಲ್ಲಿ ಇಂಥ ಟ್ರ್ಯಾಕ್ಟರೊಂದನ್ನು ಪ್ರದರ್ಶಿಸಿತು. ರೈತನು ಅದನ್ನು ಹೊಲಕ್ಕೆ ತಂದು ಬಿಟ್ಟು, ಮೊಬೈಲಿನಿಂದ ಉಳುಮೆ ಆರಂಭಿಸಬಹುದು. ಆರು ಜೋಡಿ ಕ್ಯಾಮೆರಾಗಳು ಸುತ್ತಲೂ ನೋಡುತ್ತಿರುತ್ತವೆ. ಏನಾದರೂ ಅಡ್ಡ ಬಂದರೆ ಯಂತ್ರ ತಾನೇ ನಿಲ್ಲುತ್ತದೆ.

ಆದರೆ ಅದಕ್ಕೂ ಬೇಕಾದುದು ಡೀಸೆಲ್ಲೇ. ಚಾಲಕನಿರಲಿ, ಬಿಡಲಿ, ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಉತ್ತ ಸಾಲನ್ನೇ ಮತ್ತೆ ಉಳುವುದು ತಪ್ಪಿದರೆ ಇಂಧನ ಕೊಂಚ ಉಳಿದೀತು, ಅಷ್ಟೆ.

ನಿಮ್ಮ ಟ್ರ್ಯಾಕ್ಟರಿನಲ್ಲಿ ಡೀಸೆಲ್ ಉಳಿಸಲು ಕ್ಯಾಮೆರಾ ಬೇಕಿಲ್ಲ. ಗಾಳಿ ಶೋಧಕವನ್ನು ಶುಚಿಯಾಗಿಡಿ, ಟೈರುಗಳ ಗಾಳಿ ಪರೀಕ್ಷಿಸಿ, ಬದುವಿನಲ್ಲಿ ಮಾತಿಗೆ ನಿಂತಾಗ ಎಂಜಿನ್ ಆರಿಸಿ.